ಕಂಪನಿ ಇಲ್ಲದ ಕಂಪ್ಯೂಟರ್

ನಮ್ಮ ಕರಾವಳಿಯಲ್ಲಿ ಹಳೆಯ ಕಂಪ್ಯೂಟರುಗಳ ಹುಚ್ಚಿರುವವರು ಮೂವರೇ ಎಂದು ನಾವು ಮೂವರೂ ನಂಬಿದ್ದೇವೆ: ಕುಮಟೆಯ ಕಾಲೇಜು ಮೇಷ್ಟ್ರು, ದುಬೈಯ ಅಂಗಡಿ ಮುಚ್ಚಿ ಭಟ್ಕಳಕ್ಕೆ ಮರಳಿದ ಸಾಹೇಬರು, ಹೊನ್ನಾವರ ಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ನಾನು. ಈ ಮಳೆಗಾಲ ಮೇಷ್ಟ್ರ ಕಾಲೇಜಿನಲ್ಲಿ ಒಂದು ಪ್ರದರ್ಶನ ಇಡುವುದೆಂದಾಯಿತು. ಯಾವುದು ವಿಂಟೇಜ್, ಯಾವುದು ಬರೀ ಗುಜರಿ ಎಂದು ತೀರ್ಮಾನಿಸಲು ಮೇಷ್ಟ್ರ ಮನೆಯಲ್ಲಿ ಸೇರಿದೆವು. ನನ್ನ ಕಂಪ್ಯೂಟರಿನ ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಹೋಗಿದ್ದೆ.

ಮೇಷ್ಟ್ರು ನಿಯಮವನ್ನು ಮೊದಲೇ ಮಾಡಿಟ್ಟಿದ್ದರು. ಹಿಂಬದಿಯಲ್ಲಿ ಕಂಪನಿಯ ಹೆಸರು, ತಯಾರಾದ ವರ್ಷ ಇರಬೇಕು. ಒಳಗಿನ ಭಾಗಗಳು ಮೂಲದವೇ ಆಗಿರಬೇಕು.

"ಅಕ್ಕ, ನಿಮ್ದು ಅಸೆಂಬಲ್ಡ್ ಅಲ್ದಾ? ಅದು ಲೆಕ್ಕಕ್ಕೆ ಬರೂದಿಲ್ಲ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಅದನ್ನು ಜೋಡಿಸಿದವಳು ನಾನೇ. ಕ್ಯಾಬಿನೆಟ್ ಹುಬ್ಬಳ್ಳಿಯದು, ಮದರ್‌ಬೋರ್ಡ್ ಇದೇ ಸಾಹೇಬರ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಬಂದದ್ದು. ಉಪ್ಪುಗಾಳಿ ತಿಂದದ್ದನ್ನೆಲ್ಲ ಬದಲಿಸುತ್ತ ಬಂದೆ. ಭಟ್ಕಳ ಕಡೆಯ ತೆಂಗಿನಗುಂಡಿಯ ದೋಣಿಯವರಿಂದ ಹಿಡಿದು ಕಾಯ್ಕಿಣಿಯ ರೈತರವರೆಗೆ ಎಷ್ಟೋ ಮನೆಗಳ ಮದುವೆ ಕಾಗದ ಅದರಲ್ಲೇ ತಯಾರಾಯಿತು. ಅದು ಗುಜರಿಯಾದರೆ ನನ್ನ ದುಡಿಮೆಯೂ ಗುಜರಿಯೇ.

"ಸರ್, ಆಗ ಈ ಮೂರೂ ಊರಲ್ಲಿ ಕಂಪನಿ ಕಂಪ್ಯೂಟರ್ ತಕಂಡವ್ರು ಎಷ್ಟು ಜನ ಇದ್ರು? ನಿಮ್ಮ ನಿಯಮ ಹಿಡ್ದ್ರೆ ನಮ್ಮ ಕಡೆ ಕಂಪ್ಯೂಟರೇ ಬರ್ಲಿಲ್ಲ ಅಂದಾಗ್ತದೆ."

"ನಿಯಮ ಅಂದ್ರೆ ನಿಯಮ," ಎಂದರು ಮೇಷ್ಟ್ರು.

"ಆತು. ಹಂಗಾದ್ರೆ ನಿಮ್ದು ಒಮ್ಮೆ ಚಾಲೂ ಮಾಡಿ, ನೋಡ್ವ."

ಅವರದು ದೊಡ್ಡ ಕಂಪನಿಯದು. ಮೂಲರೂಪ ಕೆಡಬಾರದೆಂದು ಗಾಜಿನ ಕಪಾಟಿನಲ್ಲಿ ಮುಚ್ಚಿಟ್ಟಿದ್ದರು. ಸ್ವಿಚ್ ಒತ್ತಿದರು, ಮತ್ತೆ ಒತ್ತಿದರು. ಅದು ಉಸಿರೇ ಎತ್ತಲಿಲ್ಲ. ನಮ್ಮ ಹವೆಯಲ್ಲಿ ಯಂತ್ರವನ್ನು ದಿನಾ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡದಿದ್ದರೆ ಒಳಗೆಲ್ಲ ಹಸಿರು ತುಕ್ಕು ಹತ್ತುತ್ತದೆ. ನಾನು ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ನನ್ನ ಕಂಪ್ಯೂಟರನ್ನೂ ಹಚ್ಚುತ್ತೇನೆ. ಅಂಗಡಿ ಮುಚ್ಚಿದ ಮೇಲೂ ಬಿಟ್ಟಿಲ್ಲ.

ನನ್ನ ಪೆಟ್ಟಿಗೆಗೆ ಅವರ ಮನೆಯ ಮಾನಿಟರ್ ಜೋಡಿಸಿ ಸ್ವಿಚ್ ಒತ್ತಿದೆ; ಅದು ಅವರ ಮೇಜಿನ ಮೇಲೆ ಕುಂಯ್‌ಗುಟ್ಟಿ ಎದ್ದಿತು. ಪರದೆಯ ಮೇಲೆ ಕನ್ನಡ ಅಕ್ಷರ ಮೂಡಿತು.

"ಮೇಷ್ಟ್ರೇ, ಈ ಸಮುದ್ರದ ಬದಿಗೆ ರಿಪೇರಿ ಮಾಡ್ದೆ ಉಳ್ದದ್ದು ಎಂತದಿದೆ ಹೇಳಿ," ಎಂದರು ಸಾಹೇಬರು.

ಮೇಷ್ಟ್ರು ಪ್ರದರ್ಶನದ ಚೀಟಿಯೊಂದನ್ನು ಎಳೆದುಕೊಂಡು ಬರೆಯತೊಡಗಿದರು. ತಯಾರಕರು ಎಂಬಲ್ಲಿ ಪೆನ್ನು ನಿಂತಿತು.

"ಇಲ್ಲಿ ಎಂತ ಬರೀಲಿ ಅಕ್ಕ?"

ಪೆನ್ನು ಇಸಿದುಕೊಂಡು ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದೆ. ಕೆಳಗೆ, ಹೊನ್ನಾವರ.