ಗಲ್ಲಿಯ ತಿಪ್ಪೆಗೆ ಹೊಸ ಕೈ

ತಿಥಿ ಕಾರ್ಯ ಮುಗಿದಿದೆ, ನೆಂಟರು ಹೊರಟುಹೋಗಿದ್ದಾರೆ, ಬಾಗಿಲ ಮುಂದಿನ ಶಾಮಿಯಾನ ಬಿಚ್ಚಿಯಾಗಿದೆ. ಗಂಡ ಕೆಂಪರಾಜ್ ವಿಮಾನಪುರದ ಕಾರ್ಖಾನೆಯ ಮೊದಲ ಪಾಳಿಗೆ ಹೊರಟ ಮೇಲೆ ಹಂಸ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಲಸೂರಿನ ತಮ್ಮ ಗಲ್ಲಿಯ ತುದಿಗೆ ನಡೆಯುತ್ತಾಳೆ. ಬೆಳಕು ಈಗಷ್ಟೇ ಹರಿಯುತ್ತಿದೆ. ಪುಟ್ಟ ಪಾರ್ಕಿನ ಗೋಡೆಗೆ ಒತ್ತಿಕೊಂಡು ಇಟ್ಟಿಗೆಯ ಮೂರು ತೊಟ್ಟಿಗಳಿವೆ. ನಲವತ್ತು ಮನೆಗಳ ಹಸಿ ಕಸ ಅಲ್ಲಿ ಗೊಬ್ಬರವಾಗುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಅವಳ ಅತ್ತೆ ಆಂಜನಮ್ಮ. ಅತ್ತೆ ಇಲ್ಲದ ಮೊದಲ ಮಾಮೂಲಿ ಬೆಳಗು ಇದು. ಮುಚ್ಚಳ ಎತ್ತುವ ಮೊದಲೇ ಕೊಳೆತ ವಾಸನೆ ಮೂಗಿಗೆ ಬಡಿಯುತ್ತದೆ.

ಆಂಜನಮ್ಮ ದೊಡ್ಡನೆಕ್ಕುಂದಿಯ ರೈತರ ಮನೆಯ ಮಗಳು. ಹೊಲವಿದ್ದ ಕಡೆ ಕಟ್ಟಡ ಎದ್ದರೂ ಕೊಟ್ಟಿಗೆಯ ಹಿಂದಿನ ತಿಪ್ಪೆ ಅವರ ತಲೆಯಿಂದ ಹೋಗಿರಲಿಲ್ಲ. ಗಲ್ಲಿಯ ಮೂಲೆಯಲ್ಲಿ ಜನ ಕಸ ಸುರಿಯುವುದನ್ನು ನೋಡಿ ನೋಡಿ ಬೇಸತ್ತು, ಒಂದು ದಿನ ತಾವೇ ಗುದ್ದಲಿ ಹಿಡಿದರು. ಎಲ್ಲರೂ ತೊಟ್ಟಿ ಎಂದರೆ ಅವರಿಗೆ ಕೊನೆಯವರೆಗೂ ಅದು ತಿಪ್ಪೆಯೇ. ಮದುವೆಯಾಗಿ ಬಂದಾಗಿನಿಂದ ಹಂಸ ಬಕೆಟ್ ಹೊತ್ತಿದ್ದಾಳೆ, ಒಣಗಿದ ಎಲೆ ಗುಡಿಸಿ ತಂದಿದ್ದಾಳೆ. ಕೈಹಾಕಿ ಹದ ನೋಡುತ್ತಿದ್ದವರು ಮಾತ್ರ ಅತ್ತೆ.

"ನೀನು ಎಲೆ ತಾ, ಸಾಕು ಅಂತಿದ್ರು. ನಂಗೂ ಅದೇ ಆರಾಮಾಗಿತ್ತು," ಎನ್ನುತ್ತಾಳೆ ಹಂಸ.

ಸೂತಕದ ದಿನಗಳಲ್ಲಿ ಮನೆಯವರು ಇತ್ತ ಬಂದಿಲ್ಲ. ವಾಕಿಂಗಿಗೆ ಹೊರಟ ಸುಕನ್ಯ ಮೂಗಿಗೆ ಕರ್ಚೀಫು ಹಿಡಿದು ನಿಲ್ಲುತ್ತಾರೆ. ಅವರು ಗಲ್ಲಿಯ ನಿವಾಸಿಗಳ ಸಂಘದ ಕಾರ್ಯದರ್ಶಿ.

"ಹೇಳೋಕೆ ನಂಗೂ ಕಷ್ಟ ಹಂಸ. ಅಕ್ಕಪಕ್ಕದವರು ಕಿಟಕಿ ತೆಗೀತಿಲ್ಲ. ಆಂಜನಮ್ಮನ ಕೈಗುಣ ಅವ್ರ ಜೊತೇಲೇ ಹೋಯ್ತು, ತೊಟ್ಟಿ ಒಡೆದುಬಿಟ್ರೆ ನಮ್ ಬೈಕಾದ್ರೂ ನಿಲ್ಲುತ್ತೆ ಅಂತಿದಾರೆ."

"ಮುಂದಿನ ಮೀಟಿಂಗ್‌ವರೆಗೂ ಬಿಡಿ ಅಕ್ಕ."

"ಆಗ್ಲೂ ಹಿಂಗೇ ಇದ್ರೆ ನನ್ ಕೈಲೇನೂ ಇಲ್ಲಮ್ಮ."

ಅವರು ಅತ್ತ ಹೋಗುತ್ತಲೇ ಎದುರು ಮನೆಯ ಕಮರುನ್ನೀಸಾ ತುಂಬಿದ ಕೊಡ ಹೊತ್ತು ಬರುತ್ತಾರೆ. ಆಂಜನಮ್ಮನ ಹಳೆಯ ಜೊತೆಗಾತಿ.

"ಬಂದ್ಯಾ ಬೇಟಾ? ನಿನ್ನತ್ತೆದು ಒಣಗಿಹೋಗ್ಬಾರ್ದು ಅಂತ ದಿನಾ ನೀರು ಹಾಕ್ತಿದ್ದೆ. ಒಂದಿನಾನೂ ತಪ್ಸಿಲ್ಲ, ನೋಡು."

ತೊಟ್ಟಿಯೊಳಗೆ ಗಾಳಿಯಾಡಬೇಕಾದ ಜಾಗದಲ್ಲೆಲ್ಲ ನೀರು ನಿಂತಿದೆ. ಹಂಸ ಕೊಡ ಇಸಿದುಕೊಂಡು ಪಕ್ಕದ ದಾಸವಾಳದ ಬುಡಕ್ಕೆ ಸುರಿಯುತ್ತಾಳೆ.

"ಇವತ್ತು ಇದಕ್ಕೆ ಹಾಕೋಣ ಆಂಟಿ."

ಅಷ್ಟೇ. ವಾಸನೆಗೆ ಕಾರಣವೇನೆಂದು ಆಮೇಲೆ ಯಾರು ಕೇಳಿದರೂ "ನಂಗಿನ್ನೂ ಕೈ ಪಳಗಿಲ್ಲ" ಎನ್ನುತ್ತಾಳೆ.

ಕಸವನ್ನೆಲ್ಲ ಹೊರಗೆಳೆದು ಹರಡುತ್ತಾಳೆ. ಒಣ ಎಲೆ ಬೆರೆಸಿ ತುಂಬುತ್ತಾಳೆ, ಎರಡು ದಿನ ಬಿಟ್ಟು ಮತ್ತೆ ಹೊರಗೆಳೆಯುತ್ತಾಳೆ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಮೊದಲ ಸಲ ಬರಿಗೈ ಹಾಕಿ ಒಂದು ಹಿಡಿ ಹಿಂಡಿದಾಗ ಬೆರಳಸಂದಿಯಿಂದ ಕಪ್ಪು ನೀರು ಸುರಿಯುತ್ತದೆ. ಅದನ್ನು ನೋಡುತ್ತ ನಿಂತ ಕಮರುನ್ನೀಸಾ ಮೆಲ್ಲಗೆ ಕೇಳುತ್ತಾರೆ.

"ಇದು ನಾನು ಹಾಕಿದ್ ನೀರಲ್ವಾ?"

"ಸ್ವಲ್ಪ ಜಾಸ್ತಿ ಆಯ್ತು ಆಂಟಿ."

"ನಿನ್ನತ್ತೆ ಅಂತಿದ್ಲು, ನಿನ್ ದಾಲಲ್ಲಿ ಬೇಳೆ ಹುಡುಕ್ಬೇಕು ಕಣೇ ಅಂತ."

ಹಂಸಳಿಗೆ ನಗು ತಡೆಯಲಾಗುವುದಿಲ್ಲ. ಅತ್ತೆ ಹೋದ ಮೇಲೆ ಇದೇ ಮೊದಲು. ಕಮರುನ್ನೀಸಾ ಕಣ್ಣೊರೆಸಿಕೊಂಡು ಎಲೆಯ ಚೀಲ ತಮ್ಮತ್ತ ಎಳೆದುಕೊಂಡು ಕೂರುತ್ತಾರೆ. ಅಂದಿನಿಂದ ಎಲೆ ಮುರಿಯುವ ಕೆಲಸ ಅವರದು.

ವಾಸನೆ ಒಮ್ಮೆಲೇ ಹೋಗುವುದಿಲ್ಲ. ಮೊದಲು ಹುಳಿಯಾಗುತ್ತದೆ, ಆಮೇಲೆ ತೆಳುವಾಗುತ್ತದೆ. ಒಂದು ಬೆಳಿಗ್ಗೆ ಹಿಡಿ ಹಿಂಡಿದರೆ ನೀರಿಲ್ಲ, ಅಂಗೈ ಮಾತ್ರ ತೇವ. "ಇದೇ ಹದ ಅಂತ ಯಾರೂ ಹೇಳ್ಕೊಟ್ಟಿಲ್ಲ. ಕೈಗೇ ಗೊತ್ತಾಯ್ತು," ಎನ್ನುತ್ತಾಳೆ ಹಂಸ.

ಮೀಟಿಂಗ್ ದಿನ ಸುಕನ್ಯ ಕರ್ಚೀಫು ಇಲ್ಲದೆ ತೊಟ್ಟಿಯೊಳಗೆ ಬಗ್ಗಿ ನೋಡುತ್ತಾರೆ. "ಬೈಕಿನವರು ಬೇರೆ ಜಾಗ ನೋಡ್ಕೊಳ್ಳಲಿ," ಎಂದು ಮಾತು ಮುಗಿಸುತ್ತಾರೆ.

ಮೂರನೆಯ ತೊಟ್ಟಿಯ ಗೊಬ್ಬರ ಮಾಗಿದೆ. ಭಾನುವಾರ ಹಂಸ ಅದನ್ನು ಜರಡಿ ಹಿಡಿಯುತ್ತಾಳೆ. ಚಹಾಪುಡಿಯ ಹಾಗೆ ಉದುರುತ್ತದೆ. ಮನೆಮನೆಯವರೂ ಕುಂಡಕ್ಕೆಂದು ಡಬ್ಬಿ ಹಿಡಿದು ನಿಲ್ಲುತ್ತಾರೆ, ಕಿಟಕಿ ಮುಚ್ಚಿದ್ದವರೂ.

ಆ ಜರಡಿ ಗಾರೆ ಮೇಸ್ತ್ರಿ ಇನಾಯತ್ ಉಲ್ಲಾ ಅವರದು. ಮರಳು ಸೋಸುವ ಜರಡಿ. ಒಂದು ದಿನದ ಮಟ್ಟಿಗೆಂದು ಆಂಜನಮ್ಮ ಕೇಳಿ ತಂದದ್ದು ಹಾಗೇ ಉಳಿದುಬಿಟ್ಟಿದೆ. ಹಂಸ ಅದನ್ನು ತಿಕ್ಕಿ ತೊಳೆದು, ಒಣಗಿಸಿ, ಸಂಜೆ ಅವರ ಮನೆಗೆ ಒಯ್ದು ಗೋಡೆಗೆ ಒರಗಿಸುತ್ತಾಳೆ.

"ಇರ್ಲಿ ಬಿಡಮ್ಮ, ನಾನು ಬೇರೆ ತಗೊಂಡಿದೀನಿ. ಮುಂದಿನ ಸಲ ಬೇಕಾಗಲ್ವಾ?"

"ಬೇಕು ಭಾಯ್. ಇದು ಅತ್ತೆ ಕೇಳಿ ತಂದಿದ್ದು. ಇನ್ಮೇಲೆ ಬೇಕಾದಾಗ ನಾನೇ ಬಂದು ಕೇಳ್ತೀನಿ."