ಗಂಟಕ್ಕನ ಕಾಗದದ ಕಂಪ್ಯೂಟರು

ಆ ದೊಡ್ಡ ಆಸ್ಪತ್ರೆಯ ಬಟ್ಟೆ ಸ್ಟೋರು ಇದ್ದದ್ದು ನೆಲಮಾಳಿಗೆಯಲ್ಲಿ. ಸೂರಿನ ಹತ್ತಿರ ಒಂದೇ ಒಂದು ಕಿಟಕಿ, ಅದರಲ್ಲಿ ಕಾಣುತ್ತಿದ್ದದ್ದು ರಸ್ತೆಯಲ್ಲಿ ಹೋಗಿಬರುವವರ ಕಾಲುಗಳು ಮಾತ್ರ. ಒಗೆದು ಬಂದ ಬೆಡ್‌ಶೀಟುಗಳನ್ನು ಎಣಿಸಿ, ಮಡಚಿ, ವಾರ್ಡಿಗೊಂದರಂತೆ ಗಂಟು ಕಟ್ಟಿ ಮೇಲಕ್ಕೆ ಕಳಿಸುವುದು ಅವಳ ಕೆಲಸ. ಇಪ್ಪತ್ತೊಂದು ವರ್ಷದಿಂದ ಅದೇ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಗಂಟಕ್ಕ.

ರಿಜಿಸ್ಟರಿನಲ್ಲಿ ಬೆಡ್‌ಶೀಟಿಗೆ ಒಂದೇ ಕಾಲಂ ಇತ್ತು. ಅವಳ ಕಪಾಟಿನಲ್ಲಿ ಮಾತ್ರ ಎರಡು ಅಟ್ಟಿ. ಒಂದು ಎಲ್ಲರಿಗೂ ಹೋಗುವಂಥದ್ದು. ಇನ್ನೊಂದರಲ್ಲಿ ಒಗೆದೂ ಒಗೆದೂ ಗಂಜಿಯೆಲ್ಲ ಬಿಟ್ಟು, ಬಣ್ಣ ಮಾಸಿ, ಮೆತ್ತಗಾದ ಹಳೆಯವು. ತಾವಾಗಿ ಮಗ್ಗುಲು ಬದಲಿಸಲಾಗದ ರೋಗಿಗಳಿಗೆ ಅವನ್ನೇ ಎತ್ತಿಡುತ್ತಿದ್ದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ನೋಡಿಕೊಂಡು ಕಲಿತದ್ದು. ಹೊಸ ಬಟ್ಟೆಯ ಒಂದು ಸುಕ್ಕು ಬೆನ್ನಿನಡಿ ಸಿಕ್ಕಿಕೊಂಡರೆ ಚರ್ಮ ಕೆಂಪಾಗುತ್ತದೆ, ಕೆಂಪಾದದ್ದು ಹುಣ್ಣಾಗುತ್ತದೆ. ಅತ್ತೆಗೆ ಕೊನೆಯ ದಿನದವರೆಗೂ ಒಂದು ಹುಣ್ಣೂ ಆಗಲಿಲ್ಲ. ನೋಡಲು ಬಂದವರೆಲ್ಲ ಎಂಥ ಮಗನನ್ನು ಹೆತ್ತಿದ್ದಾಳೆ ಪುಣ್ಯಾತ್ಗಿತ್ತಿ ಎಂದು ಹೊಗಳಿ ಹೋದರು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಗೋಡೆಯ ಫೋನು ಹೊಡೆದುಕೊಳ್ಳುತ್ತಿತ್ತು. ಏಳನೇ ವಾರ್ಡಿನ ಸಿಸ್ಟರ್.

"ಗಂಟಕ್ಕಾ, ಹದಿನಾಲ್ಕನೇ ಬೆಡ್ಡಿಗೆ ಒಬ್ಬರು ಅಜ್ಜಿ ಬಂದಿದಾರೆ. ಬರೀ ಮೂಳೆ ಚಕ್ಕಳ. ನಿನ್ನ ಮೆತ್ತನೇದು ಎರಡು ಹಾಕು."

"ಜೊತೆಗೆ ಯಾರಿದಾರೆ?"

"ಸೊಸೆ. ಕೂತಲ್ಲೇ ತೂಕಡಿಸ್ತಿದಾಳೆ ಪಾಪ."

"ಅವಳಿಗೂ ಒಂದು ಹೊದೆಯೋದು ಹಾಕ್ತೀನಿ. ಮಗ ಎಲ್ಲಿ?"

"ಸಂಜೆ ಬರ್ತಾನಂತೆ, ಕಿತ್ತಳೆ ಹಣ್ಣು ಹಿಡ್ಕೊಂಡು."

ಇಬ್ಬರೂ ನಗುತ್ತಿದ್ದರು. ಎರಡು ನಿಮಿಷದ ಮಾತು. ಗಂಟಕ್ಕನ ಇಡೀ ದಿನದಲ್ಲಿ ಅಷ್ಟುದ್ದದ ಮಾತು ಇನ್ನೊಂದಿರಲಿಲ್ಲ.

ಬಟ್ಟೆಯ ಲೆಕ್ಕ ಕಂಪ್ಯೂಟರಿಗೆ ಹೋಗುತ್ತದೆ ಎಂಬ ಸುದ್ದಿ ತಂದದ್ದು ಸ್ಟೋರ್ ಸಾಹೇಬರು. ಬೆಡ್‌ಶೀಟಿನ ಮೂಲೆಗೆ ಒಂದು ಚೀಟಿ ಹೊಲಿಯುತ್ತಾರಂತೆ. ಎಷ್ಟು ಸಲ ಒಗೆದದ್ದು ಎಂದು ಮೆಷೀನೇ ಎಣಿಸುತ್ತದಂತೆ. ನೂರು ಒಗೆತ ಮುಗಿದರೆ ಅದು ರದ್ದು, ಒರೆಸುವ ಬಟ್ಟೆಗೆ ಹರಿದು ಹಾಕುವುದು.

"ನೂರಾದ ಮೇಲೇ ಅಲ್ವಾ ಸಾರ್ ಅದು ಮೆತ್ತಗಾಗೋದು?" ಎಂದಳು ಗಂಟಕ್ಕ.

"ಅದನ್ನೆಲ್ಲ ಮೀಟಿಂಗ್‌ನಲ್ಲಿ ಹೇಳು. ನೀನೂ ಬರಬೇಕಂತೆ. ಬಳಸೋರನ್ನ ಕೂರಿಸಿಕೊಂಡೇ ಮಾಡ್ತಾರಂತೆ ಈಗ."

ಮೀಟಿಂಗಿಗೆ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದಳು. ಉದ್ದನೆಯ ಮೇಜು, ಅದರ ಮೇಲೆ ಬಣ್ಣದ ಕಾಗದ, ಕತ್ತರಿ, ಗೋಂದು. ಕಂಪ್ಯೂಟರು ಮಾತ್ರ ಎಲ್ಲೂ ಕಾಣಲಿಲ್ಲ. ಮಕ್ಕಳ ಶಾಲೆಗೆ ಬಂದೆನೇನೋ ಅನ್ನಿಸಿತು. ಸ್ಟೋರ್ ಸಾಹೇಬರು, ಏಳನೇ ವಾರ್ಡಿನ ಸಿಸ್ಟರ್, ಒಗೆಯುವ ಮೆಷೀನಿನವನು, ಅವಳು. ಎದುರಿಗೆ ಕಂಪ್ಯೂಟರ್ ಕಂಪನಿಯಿಂದ ಬಂದ, ದಪ್ಪ ಕನ್ನಡಕದ ಒಬ್ಬಳು ಹುಡುಗಿ. ಗೋಡೆಗಂಟಿಸಿದ ಹಾಳೆಯ ಮೇಲೆ ಅವಳೊಂದು ಉದ್ದ ಗೆರೆ ಎಳೆದಳು.

"ಅಕ್ಕಾ, ನಿಮ್ಮ ಒಂದು ದಿನ ಹೇಗಿರುತ್ತೆ? ಮೊದಲಿಂದ ಹೇಳಿ."

"ಐದಕ್ಕೆ ಏಳ್ತೀನಿ. ನೀರು ತುಂಬಿಸಿ, ಪಾತ್ರೆ ತೊಳೆದು, ಅಡುಗೆ ಮಾಡಿ, ಇವರ ಬಟ್ಟೆ ಒಗೆದು ಹರವಿ…"

ಸ್ಟೋರ್ ಸಾಹೇಬರು ನಕ್ಕರು. "ಮನೇದಲ್ಲಮ್ಮಾ, ಕೆಲಸದ್ದು ಹೇಳು."

"ಇದೂ ಕೆಲಸಾನೇ ಅಲ್ವಾ ಸಾರ್. ಇಲ್ಲಿಗೆ ಬರೋ ಹೊತ್ತಿಗೆ ನನಗೆ ಅರ್ಧ ದಿನ ಮುಗಿದಿರುತ್ತೆ."

ಸಿಸ್ಟರ್ ಕೆಮ್ಮುವ ನೆಪದಲ್ಲಿ ನಗು ನುಂಗಿದಳು. ಹುಡುಗಿ ಒಂದು ಹಳದಿ ಚೀಟಿಯಲ್ಲಿ ಅದನ್ನೂ ಬರೆದುಕೊಂಡಳು. ಎಲ್ಲಿ ಅಂಟಿಸುವುದೆಂದು ಒಂದು ಕ್ಷಣ ಯೋಚಿಸಿ, ಗೆರೆ ಶುರುವಾಗುವ ಮೊದಲೇ, ಹಾಳೆಯ ಅಂಚಿನಲ್ಲಿ ಅಂಟಿಸಿದಳು.

ಆಮೇಲೆ ಎರಡು ಅಟ್ಟಿಯ ವಿಷಯ ಬಂತು. ಗಂಟಕ್ಕ ಇಪ್ಪತ್ತೊಂದು ವರ್ಷ ಸಿಸ್ಟರಿಗೆ ಬಿಟ್ಟು ಇನ್ಯಾರಿಗೂ ಹೇಳದಿದ್ದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು. ಹುಡುಗಿ ಪೆನ್ನು ಕೆಳಗಿಟ್ಟು ಕೇಳುತ್ತಿದ್ದಳು.

"ಮೆತ್ತಗಾಗಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಒದರಿದರೆ ಗೊತ್ತಾಗುತ್ತೆ. ಹೊಸದು ಫಟ್ ಅನ್ನುತ್ತೆ. ಮೆತ್ತನೇದು ಸದ್ದೇ ಮಾಡಲ್ಲ."

ಹುಡುಗಿ ಎರಡು ಬೆಡ್‌ಶೀಟು ತರಿಸಿದಳು, ಎದ್ದು ನಿಂತು ತಾನೇ ಒದರಿ ನೋಡಿದಳು. ಎರಡನೆಯದನ್ನು ಕೆನ್ನೆಗೆ ಒತ್ತಿಕೊಂಡು, "ಹೌದಲ್ಲಾ!" ಎಂದಳು.

"ಬೆಡ್‌ಶೀಟು ಅಂದ್ರೆ ಬೆಡ್‌ಶೀಟು," ಎಂದರು ಸಾಹೇಬರು. "ನೂರಾದರೆ ರದ್ದು. ಸುಮ್ಮನೆ ಗೋಜಲು ಮಾಡಬೇಡಿ."

ಹುಡುಗಿ ವಾದಕ್ಕೆ ಹೋಗಲಿಲ್ಲ. ದಪ್ಪ ಹಾಳೆಯೊಂದನ್ನು ಕಂಪ್ಯೂಟರಿನ ಪರದೆಯಷ್ಟು ಅಗಲಕ್ಕೆ ಕತ್ತರಿಸಿ, ಚೌಕಗಳನ್ನು ಅಂಟಿಸಿದಳು. ವಾರ್ಡು, ಬೆಡ್ಡು, ಎಷ್ಟು, ಇದೆ, ಇಲ್ಲ. ಕೊನೆಗೆ ಒಂದು ನೀಲಿ ಚೌಕದ ಮೇಲೆ 'ಮೆತ್ತನೆ' ಎಂದು ಬರೆದಳು. ಅಂಥದ್ದೇ ಇನ್ನೊಂದು ಹಾಳೆ ಸಿಸ್ಟರಿಗೆ.

"ಇದನ್ನ ಇಟ್ಕೊಂಡಿರಿ. ಏನಾದ್ರೂ ತೋಚಿದ್ರೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮೂರು ವಾರ ಬಿಟ್ಟು ಬರ್ತೀನಿ. ನೀಲಿ ಬಟನ್ ಬೇಕೋ ಬೇಡವೋ ಆವತ್ತು ತೀರ್ಮಾನ."

ಮನೆಯಲ್ಲಿ ಗಂಡ ಟೀವಿಯ ಮುಂದಿದ್ದ.

"ಕಂಪ್ಯೂಟರ್ ಮೀಟಿಂಗಿಗೆ ನನ್ನನ್ನ ಕರೆದಿದ್ರು."

"ನಿನ್ನನ್ನಾ? ಟೀ ಕೊಡೋಕಾ?"

"ಕೇಳೋಕೆ. ಹೇಗೆ ಮಾಡಬೇಕು ಅಂತ."

"ಹಾಗಾದ್ರೆ ಮುಗೀತು ಅದರ ಕಥೆ." ಟೀವಿಯ ಸದ್ದು ಒಂದು ಹಂತ ಮೇಲೇರಿತು.

ಆ ಹುಡುಗಿ ಬೆಡ್‌ಶೀಟನ್ನು ಕೆನ್ನೆಗೆ ಒತ್ತಿಕೊಂಡದ್ದನ್ನು ಹೇಳಬೇಕೆಂದಿದ್ದಳು. ಪಾತ್ರೆ ತೊಳೆಯುವಾಗ ಅವಳ ತುಟಿ ಮಾತ್ರ ಅಲುಗುತ್ತಿತ್ತು. ಭಾನುವಾರ, ಮದುವೆಯಾಗಿ ಬೇರೆ ಊರಲ್ಲಿದ್ದ ಮಗಳು ಫೋನು ಮಾಡಿದಾಗ ಶುರು ಮಾಡಿದಳು. ಆ ಕಡೆ ಕುಕ್ಕರ್ ಕೂಗಿತು, ಮಗು ಅತ್ತಿತು, ಯಾರೋ ಟವೆಲ್ ಎಲ್ಲಿ ಅಂದರು. "ಅಮ್ಮಾ, ಇಡ್ತೀನಿ," ಎಂದಳು ಮಗಳು. ಗಂಟಕ್ಕನಿಗೆ ಬೇಸರವಾಗಲಿಲ್ಲ. ಆ ಟವೆಲನ್ನು ಹುಡುಕಬೇಕಾದವಳು ಯಾರೆಂದು ಅವಳಿಗೆ ಗೊತ್ತಿತ್ತು.

ಕಾಗದದ ಹಾಳೆಯನ್ನು ಅವಳು ಸ್ಟೋರಿನ ಗೋಡೆಗೆ, ಫೋನಿನ ಪಕ್ಕದಲ್ಲೇ ಅಂಟಿಸಿದ್ದಳು. ಮೀಟಿಂಗಿನ ಮರುದಿನ ಬೆಳಿಗ್ಗೆಯಿಂದಲೇ ಅದನ್ನು ಬಳಸತೊಡಗಿದಳು. ಅದು ಬರೀ ಮಾದರಿ, ಕೆಲಸಕ್ಕಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ವಾರ್ಡಿಂದ ಫೋನು ಬಂದರೆ ಮೊದಲು ವಾರ್ಡಿನ ಚೌಕ ಒತ್ತುವಳು, ಬೆಡ್ಡು ಒತ್ತುವಳು, ನೀಲಿ ಒತ್ತುವಳು, ಪಕ್ಕದಲ್ಲಿ ಪೆನ್ಸಿಲಿನ ಒಂದು ಗೀಟು ಎಳೆಯುವಳು. ಆಮೇಲೇ ಕಪಾಟಿನ ಕಡೆಗೆ ಹೋಗುವಳು.

"ಇಪ್ಪತ್ತಕ್ಕೆ ಮೆತ್ತನೆ ಒತ್ತಿದೀನಿ ಗಂಟಕ್ಕಾ, ಬಂತಾ ಅಲ್ಲಿ?" ಸಿಸ್ಟರಿಗೂ ಇದೊಂದು ತಮಾಷೆಯಾಗಿತ್ತು.

"ಬರ್ತಾ ಇದೆ ತಾಳು, ಲೈನು ಬಿಜಿ."

"ಹಾಳಾದ್ದು, ನಿಧಾನ ನಿನ್ನ ಕಂಪ್ಯೂಟರು."

"ಕಾಗದದ್ದಲ್ವೇನೇ, ಪಾಪ!"

ಮೂರು ವಾರದ ಮೇಲೆ ಹುಡುಗಿ, ಸಾಹೇಬರ ಜೊತೆ ನೆಲಮಾಳಿಗೆಗೇ ಇಳಿದು ಬಂದಳು. ಹಾಳೆಯ ಮೂಲೆಗಳು ಕಿತ್ತುಬಂದಿದ್ದವು. ಬೆರಳು ತಾಗಿ ತಾಗಿ ನೀಲಿ ಚೌಕ ಕಪ್ಪಾಗಿತ್ತು.

"ಇದನ್ನ ಯಾರು ಉಪಯೋಗಿಸಿದ್ದು?"

"ನಾನೇ. ನೀವೇ ಅಲ್ವಾ ಕೊಟ್ಟಿದ್ದು?"

"ಅಯ್ಯೋ ಅಕ್ಕಾ, ಅದು ಬರೀ ಮಾದರಿ! ಕೆಲಸ ಮಾಡೋದಲ್ಲ."

ಗಂಟಕ್ಕನಿಗೆ ನಾಚಿಕೆಯಾಯಿತು. "ನನಗೆ ಮಾಡ್ತಿತ್ತಲ್ಲ," ಎಂದಳು ಮೆಲ್ಲಗೆ.

ಹುಡುಗಿ ಬಗ್ಗಿ ಗೀಟುಗಳನ್ನು ಎಣಿಸತೊಡಗಿದಳು. ನೀಲಿ ಚೌಕದ ಪಕ್ಕದಲ್ಲಿ ಅರವತ್ತೊಂದು. ಏಳನೇ ವಾರ್ಡಿಂದಷ್ಟೇ ಅಲ್ಲ, ಮೂರನೆಯದರಿಂದಲೂ ಒಂಬತ್ತನೆಯದರಿಂದಲೂ. ಸಿಸ್ಟರ್ ಅಲ್ಲಿಗೂ ಹೇಳಿದ್ದಳು. ಹುಡುಗಿ ಸಾಹೇಬರ ಕಡೆ ತಿರುಗಿದಳು. "ನೋಡಿ ಸಾರ್. ಯಾರೂ ಹೇಳಿಕೊಡದೆ ಮೂರು ವಾರ ನಡೆದಿದೆ. ಈ ಬಟನ್ ಇಲ್ಲದೆ ಹೋದ್ರೆ ಈ ಅರವತ್ತೊಂದು ಜನಕ್ಕೆ ಏನು ಹಾಸ್ತೀರಿ?"

ಸಾಹೇಬರು ಹಾಳೆಯನ್ನು ನೋಡಿದರು, ಗಂಟಕ್ಕನನ್ನು ನೋಡಿದರು. "ಆಯ್ತು, ಹಾಕ್ಕೊಳ್ಳಿ," ಎಂದು ಮೆಟ್ಟಿಲು ಹತ್ತಿದರು. ನೂರು ದಾಟಿದ ಬೆಡ್‌ಶೀಟನ್ನು ರದ್ದು ಮಾಡುವ ಬದಲು ಮೆತ್ತನೆ ಅಟ್ಟಿಗೆ ಸೇರಿಸುವುದೆಂದು ಆದೇಶದ ಕಾಗದವೂ ಆಯಿತು.

ಎರಡು ತಿಂಗಳಿಗೆ ನಿಜವಾದ ಕಂಪ್ಯೂಟರು ಬಂತು, ಸ್ಟೋರಿಗೊಂದು, ವಾರ್ಡಿಗೊಂದು. ಪರದೆಯ ಬಲಗಡೆ, ನೀಲಿ ಬಣ್ಣದಲ್ಲಿ, ಮೆತ್ತನೆ. "ನಿಮ್ಮ ಬಟನ್ ಅಕ್ಕಾ," ಎಂದಳು ಹುಡುಗಿ. ಒಂದು ವಾರ ದಿನಾ ಬಂದು ಹೇಳಿಕೊಟ್ಟಳು, ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ತಿಂದಳು. ಆಮೇಲೆ ಬೇರೊಂದು ಆಸ್ಪತ್ರೆಯ ಕೆಲಸ ಸಿಕ್ಕಿ ಹೋದಳು. ಹೋಗುವಾಗ ಗೋಡೆಯ ಹಳೆಯ ಹಾಳೆಯನ್ನು ಕೇಳಿ ಇಸಕೊಂಡಳು, ಕಂಪನಿಯಲ್ಲಿ ತೋರಿಸಬೇಕಂತೆ.

ಹುಡುಗಿ ಹೋದ ಮೇಲಿನ ಸೋಮವಾರ ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಫೋನು ಹೊಡೆಯಲಿಲ್ಲ. ಪರದೆಯ ಮೇಲೆ ಒಂದು ಸಾಲು ಮೂಡಿತು: ವಾರ್ಡ್ ಏಳು, ಬೆಡ್ ಹದಿನೆಂಟು, ಮೆತ್ತನೆ, ಎರಡು. ಗಂಟಕ್ಕ 'ಇದೆ' ಒತ್ತಿ ಗಂಟು ಕಟ್ಟಿದಳು. ತಳ್ಳುಗಾಡಿಯವನು ಬಂದು ತೆಗೆದುಕೊಂಡು ಹೋದ. ಮಂಗಳವಾರವೂ ಹಾಗೇ. ಒಂದು ಸಲ ಅವಳೇ ವಾರ್ಡಿಗೆ ಫೋನು ಮಾಡಿದಳು. "ಏನು ಗಂಟಕ್ಕಾ, ಏನಾದ್ರೂ ತಪ್ಪಾಯ್ತಾ?" ಎಂದಳು ಸಿಸ್ಟರ್ ಗಾಬರಿಯಿಂದ. ಹಿಂದೆ ಯಾರೋ ಕರೆಯುತ್ತಿದ್ದರು. "ಇಲ್ಲ ಇಲ್ಲ, ಸುಮ್ಮನೆ," ಎಂದು ಇಟ್ಟುಬಿಟ್ಟಳು. ಸಿಸ್ಟರಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ನಲವತ್ತು ಬೆಡ್ಡಿಗೆ ಇಬ್ಬರು ನರ್ಸುಗಳು. ಉಳಿದ ಎರಡು ನಿಮಿಷ ಅವಳಿಗೆ ಎಷ್ಟು ಕಡೆ ಬೇಕಾಗಿತ್ತೋ.

ತಿಂಗಳು ಕಳೆಯಿತು. ಮೆತ್ತನೆ ಬೆಡ್‌ಶೀಟು ಮೊದಲಿಗಿಂತ ಹೆಚ್ಚು ಬೆಡ್ಡುಗಳಿಗೆ ಹೋಗುತ್ತಿತ್ತು. ಯಾರಿಗೆ ಹೋಗುತ್ತಿದೆ ಎಂಬುದು ಮಾತ್ರ ಅವಳಿಗೆ ತಿಳಿಯುತ್ತಿರಲಿಲ್ಲ. ಹದಿನೆಂಟು ಅಜ್ಜಿಯೋ, ಹುಡುಗಿಯೋ? ಇಪ್ಪತ್ತೊಂಬತ್ತರ ಪಕ್ಕದಲ್ಲಿ ಯಾರಾದರೂ ಕೂತಿದ್ದಾರೋ? ಬೆಡ್ಡಿನ ಸಂಖ್ಯೆ ನಾಲ್ಕು ದಿನ ಬರುತ್ತಿತ್ತು, ಐದನೆಯ ದಿನ ಬರುತ್ತಿರಲಿಲ್ಲ. ವಾಸಿಯಾಗಿ ಹೋದರೋ, ಇನ್ನೊಂದೋ, ಕೇಳಲು ಯಾರೂ ಇರಲಿಲ್ಲ.

ಒಂದು ಗುರುವಾರ ಪರದೆಯ ಮೇಲೆ ಬಂತು: ವಾರ್ಡ್ ಏಳು, ಬೆಡ್ ಇಪ್ಪತ್ತೆರಡು, ಮೆತ್ತನೆ, ಎರಡು. ಮೆತ್ತನೆಯವು ಕಪಾಟಿನಲ್ಲಿ ಹನ್ನೊಂದಿದ್ದವು. ಗಂಟಕ್ಕ 'ಇಲ್ಲ' ಒತ್ತಿದಳು.

ಒತ್ತಿ, ಎರಡು ಮೆತ್ತನೆ ಬೆಡ್‌ಶೀಟು ಮಡಚಿ ಗಂಟು ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಫೋನಿನ ಕೆಳಗೆ ಕೂತಳು. ಇಲ್ಲ ಅಂತ ಕಂಡರೆ ಸಿಸ್ಟರ್ ಫೋನು ಮಾಡಿಯೇ ಮಾಡುತ್ತಾಳೆ. ಏನು ಗಂಟಕ್ಕಾ, ಮುಗಿದುಹೋಯ್ತಾ ಅನ್ನುತ್ತಾಳೆ. ನಿನಗೋಸ್ಕರ ಎಲ್ಲಿಂದಾದರೂ ಹುಡುಕಿ ಕೊಡ್ತೀನಿ, ಯಾರದು ಹೇಳು ಮೊದಲು, ಅನ್ನಬೇಕು.

ಹತ್ತು ನಿಮಿಷವಾಯಿತು. ಪರದೆಯ ಸಾಲು ತಾನಾಗಿ ಬದಲಾಯಿತು: ಇಪ್ಪತ್ತೆರಡು, ಸಾಮಾನ್ಯ, ಎರಡು, ವಾರ್ಡಿನಲ್ಲೇ ಇದೆ. ಅದರ ಮುಂದೆ ಹಸಿರು ಗುರುತು ಬಿತ್ತು. ಕಿಟಕಿಯಲ್ಲಿ ಕಾಲುಗಳು ಹೋಗುತ್ತಿದ್ದವು. ಅರ್ಧ ಗಂಟೆ ಕೂತಳು. ಆಮೇಲೆ ಧಡಕ್ಕನೆ ಎದ್ದು ಗಂಟನ್ನು ಕಂಕುಳಲ್ಲಿ ಹಿಡಿದು, ಲಿಫ್ಟಿಗೂ ಕಾಯದೆ ಮೂರು ಮಹಡಿ ಹತ್ತಿದಳು.

ಸಿಸ್ಟರ್ ಓಡುತ್ತಲೇ ಎದುರಾದಳು. "ಇಲ್ಲ ಅಂತ ಬಂತಲ್ಲ?"

"ಈಗ ಸಿಕ್ತು."

"ಬಂಗಾರ ನೀನು. ನೀನೇ ಹಾಸಿಬಿಡ್ತೀಯಾ? ನನಗೆ ಮೂವತ್ತರಲ್ಲಿ ಇಂಜೆಕ್ಷನ್ ಇದೆ."

ಇಪ್ಪತ್ತೆರಡರಲ್ಲಿದ್ದದ್ದು ಅಜ್ಜಿಯಲ್ಲ, ಅವಳಿಗಿಂತ ಚಿಕ್ಕ ಹೆಂಗಸು. ಒಂದು ಕಡೆಯ ಕೈಕಾಲು ಬಿದ್ದುಹೋಗಿತ್ತು. ಪಕ್ಕದ ಸ್ಟೂಲು ಖಾಲಿ. ಗಂಟಕ್ಕ ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು ಅವಳನ್ನು ಮಗ್ಗುಲಿಗೆ ತಿರುಗಿಸಿದಳು. ಹೊಸ ಬೆಡ್‌ಶೀಟಿನ ಸುಕ್ಕು ಬೆನ್ನಿನ ಮೇಲೆ ಕೆಂಪಗೆ ಒಂದು ಗೆರೆ ಎಳೆದಿತ್ತು. ಅರ್ಧ ಗಂಟೆಗೇ ಇಷ್ಟು. ಅವಳು ಅದರ ಮೇಲೆ ಅಂಗೈಯಿಟ್ಟಳು. ಆಮೇಲೆ ಗರಿಗರಿಯಾದದ್ದನ್ನು ಎಳೆದು, ಮೆತ್ತನೆಯದನ್ನು ಹಾಸಿ, ನಾಲ್ಕು ಮೂಲೆ ಬಿಗಿದಳು.

"ಹಿತ ಅನಿಸ್ತಿದೆ," ಎಂದಳು ಆ ಹೆಂಗಸು, ಅರ್ಧ ಬಾಯಿಯಲ್ಲಿ. "ನೀವು ಈ ವಾರ್ಡಿನೋರಾ?"

"ಅಲ್ಲಮ್ಮಾ. ಕೆಳಗಡೆಯೋಳು."

"ನಾಳೆ ಬರ್ತೀರಾ?"

"ನಾಳೆ ಬಟ್ಟೆ ಬರುತ್ತೆ. ಇಂಥದ್ದೇ ಬರುತ್ತೆ, ಮೆತ್ತನೇದು."

ಹೆಂಗಸು ಇನ್ನೇನೋ ಹೇಳುವವಳಿದ್ದಳು. ಗಂಟಕ್ಕ ಸ್ಟೂಲಿನ ಮೇಲೆ ಕೂತಳು, ಅವಳು ಮಾತು ಮುಗಿಸುವವರೆಗೂ ಕೇಳಿದಳು. ಮಗಳ ಪರೀಕ್ಷೆಯ ವಿಷಯ.

ಕೆಳಗೆ ಬಂದಾಗ ಪರದೆಯ ಮೇಲೆ ಮೂರು ಹೊಸ ಸಾಲು ಕಾಯುತ್ತಿದ್ದವು. ಮೂರರ ಮುಂದೆಯೂ 'ಇದೆ' ಒತ್ತಿ, ಅವಳು ಕಪಾಟಿನ ಕಡೆಗೆ ಹೋದಳು.