ಬೋಣಿ ಡಬ್ಬಿ

ನನ್ನ ಹೆಂಡತಿ ಡಬ್ಬಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿ ಸುರಿದಳು. ಒಂದು ರೂಪಾಯಿ, ಎರಡು ರೂಪಾಯಿಯ ಚಿಲ್ಲರೆ ರಾಶಿ ಬಿತ್ತು. ನೋಟು ನಾಲ್ಕೋ ಐದೋ ಇದ್ದವು.

“ಇದರಾಗಿನ ನೋಟ ಎಲ್ಲಿ ಹೋದುವ್ರಿ?”

ನಾನು ಬಾಗಿಲ ಕಡೆ ನೋಡಿದೆ.

“ನಿಮ್ಮನ್ನ ಕೇಳಾಕತ್ತೀನಿ.”

“ಖರ್ಚಾದುವು,” ಎಂದೆ.

ಆಗ ಅವಳು ಏಳು ತಿಂಗಳ ಬಸುರಿ. ಬೆಟಗೇರಿ ಬಸ್ ನಿಲ್ದಾಣದ ಹತ್ತಿರ ನಮ್ಮದು ಮಿರ್ಚಿ, ಗಿರ್ಮಿಟ್ ಗಾಡಿ. ನಾನು ಕರಿಯುತ್ತಿದ್ದೆ, ಅವಳು ಮಂಡಕ್ಕಿ ಹಾಕಿ ಗಿರ್ಮಿಟ್ ಕಲಸುತ್ತಿದ್ದಳು. ದಿನದ ಮೊದಲ ಗಿರಾಕಿ ಕೊಟ್ಟ ದುಡ್ಡು ಬೋಣಿ. ಅದನ್ನು ಕಣ್ಣಿಗೆ ಒತ್ತಿಕೊಂಡು ಆ ಡಬ್ಬಿಗೆ ಹಾಕುತ್ತಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಅವಳಿಗೆ ತಂದೆತಾಯಿ ಇಲ್ಲ, ಮುಂಡರಗಿಯಲ್ಲಿ ಅಣ್ಣ ಒಬ್ಬನಿದ್ದಾನೆ. ಅವನ ಮುಂದೆ ಕೈ ಒಡ್ಡಲು ಇಷ್ಟವಿರಲಿಲ್ಲ. “ನಾ ಇಲ್ಲೇ ಹಡೀತೀನಿ. ಮೂರು ತಿಂಗಳು ಗಾಡಿಗಿ ಬರಾಕ ಆಗೂದಿಲ್ಲ, ಅಷ್ಟಕ್ಕ ಈ ಡಬ್ಬಿ ಸಾಕು,” ಅನ್ನುತ್ತಿದ್ದಳು.

ನಾನು ಮೊದಲು ತೆಗೆದದ್ದು ಇಪ್ಪತ್ತು ರೂಪಾಯಿ, ಗುಟ್ಕಾ ತಿನ್ನಲು. ನಾಳೆ ಎರಡರಷ್ಟು ಇಡುತ್ತೇನೆ ಅಂದುಕೊಂಡೆ. ಇಡಲಿಲ್ಲ. ಆಮೇಲೆ ಗೆಳೆಯರಿಗೆ ಚಹಾ, ಮೊಬೈಲಿನ ಕಂತು. ಗಾಡಿಯ ದುಡ್ಡು, ಮನೆಯ ದುಡ್ಡು, ಡಬ್ಬಿಯ ದುಡ್ಡು ಎಲ್ಲ ಒಂದೇ ಜೇಬಿನಲ್ಲಿ. ಐದನೆಯ ತರಗತಿಗೆ ಶಾಲೆ ಬಿಟ್ಟರೂ ಲೆಕ್ಕವೆಲ್ಲ ತಲೆಯಲ್ಲೇ ಇದೆ ಎಂಬ ಸೊಕ್ಕು ನನಗೆ. ಡಬ್ಬಿ ದಿನೇ ದಿನೇ ಭಾರವಾಗುತ್ತಿದೆ ಎಂದು ಅವಳಿಗೆ ಅನಿಸಲೆಂದು, ನೋಟು ತೆಗೆದಾಗೆಲ್ಲ ಚಿಲ್ಲರೆ ಹಾಕಿಡುತ್ತಿದ್ದೆ. ತೆಗೆದದ್ದಕ್ಕಿಂತ ಹಾಗೆ ಹಾಕಿದ್ದು ದೊಡ್ಡ ತಪ್ಪು. ಅದು ನನಗೆ ತಡವಾಗಿ ತಿಳಿಯಿತು. ಅವಳಿಗೆ ಡಬ್ಬಿ ಸುರಿದ ಗಳಿಗೆಯಲ್ಲೇ ತಿಳಿದಿತ್ತು.

“ನಾ ದಿನಾ ಸಂಜೀಮುಂದ ಈ ಡಬ್ಬಿ ಎತ್ತಿ ನೋಡಿ ನಗತಿದ್ನಿ. ನೀವು ಎದುರಿಗೇ ನಿಂತು ನನ್ನ ನೋಡತಿದ್ರಿ. ಹೆಂಗ ನಿಂತ್ರಿ?”

ಮರುದಿನ ಅವಳು ಮುಂಡರಗಿ ಬಸ್ ಹತ್ತಿದಳು.

ಮಗಳು ಹುಟ್ಟಿದಳು. ಹೆಸರಿಡುವ ದಿನ ಹೋದೆ. ಬಾಗಿಲಲ್ಲೇ ಅವಳ ಅಣ್ಣ, “ಬರ್ರಿ ಸಾವ್ಕಾರ್ರ! ಕೂಸಿಗೆ ಚಿಲ್ಲರ ತಂದೀರೇನು?” ಎಂದ. ಬಂದವರೆಲ್ಲ ನಕ್ಕರು. ಅವಳು ನಗಲೂ ಇಲ್ಲ, ಅಣ್ಣನಿಗೆ ಸುಮ್ಮನಿರು ಅನ್ನಲೂ ಇಲ್ಲ.

ಊರಿಗೆ ಬಂದವನೇ ಗುಟ್ಕಾ ಬಿಟ್ಟೆ. ಮೊಬೈಲ್ ಮಾರಿ, ಗುಂಡಿ ಒತ್ತುವ ಹಳೆಯದೊಂದು ಇಟ್ಟುಕೊಂಡೆ. ಗಾಡಿ ಮುಚ್ಚಿದ ಕೂಡಲೇ ಕಡಲೆಹಿಟ್ಟು, ಎಣ್ಣೆಯ ದುಡ್ಡು ಬೇರೆ ತೆಗೆದೆ, ಬಾಡಿಗೆಯದು ಬೇರೆ. ಬೋಣಿಯನ್ನು ವಾರಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಅವಳ ಹೆಸರಿನಲ್ಲಿದ್ದ ಖಾತೆಗೆ ಕಟ್ಟಿದೆ. ಮೊದಲ ತಿಂಗಳು ಎರಡು ಸಲ ತಪ್ಪಿದೆ. ಆಮೇಲೆ ತಪ್ಪಲಿಲ್ಲ. “ಏನಲೇ, ಒಂದ ಚಹಾಕ್ಕೂ ಹೆಂಡ್ತಿ ಪರವಾನಗಿ ಬೇಕೇನ? ಆಕಿ ಇಲ್ಲೇ ಇಲ್ಲಲ್ಲೋ!” ಎಂದು ಗೆಳೆಯರು ಕಾಡಿದರು. ಕಾಡಿಸಿಕೊಂಡೆ.

ಮಗಳಿಗೆ ಎಂಟು ತಿಂಗಳಾದಾಗ ಪಾಸ್‌ಬುಕ್ ಹಿಡಿದು ಮುಂಡರಗಿಗೆ ಹೋದೆ. ಅವಳು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿದಳು. ಆಮೇಲೆ ಅಣ್ಣನನ್ನು ಕರೆದಳು.

“ಅಣ್ಣಾ, ಇದನ್ನ ಟಪಾಲ ಆಫೀಸಿನ್ಯಾಗ ತೋರ್ಸಿಕೊಂಡು ಬಾ. ಖರೇನೋ ಸುಳ್ಳೋ ಕೇಳು.”

ಅವನು ಹೋಗಿ ಬರುವ ತನಕ ಕಟ್ಟೆಯ ಮೇಲೆ ಕುಳಿತೆ. ಮಗಳನ್ನು ಎತ್ತಿಕೊಳ್ಳಲು ಹೋದರೆ ಕಿರುಚಿ ಅತ್ತಳು. ಅವಳಿಗೆ ನಾನು ಯಾರೋ.

“ಖರೆ ಐತಿ ತಂಗಿ, ಎಲ್ಲಾ ಬರೊಬ್ಬರಿ ಐತಿ,” ಎಂದ ಅಣ್ಣ. ಈ ಸಲ ಗೇಲಿ ಮಾಡಲಿಲ್ಲ.

“ಇನ್ನರ ಮನಿಗಿ ಬಾ,” ಎಂದೆ.

“ರೊಕ್ಕ ಬರೊಬ್ಬರಿ ಐತ್ರಿ. ನೀವೂ ಸುಧಾರಿಸೀರಿ, ನನಗ ಕಾಣತೈತಿ. ಆದ್ರ ನಾಳೆ ನೀವು ನಕ್ಕೋತ ಒಂದ ಮಾತ ಹೇಳಿದ್ರ, ಅದು ಖರೆ ಐತೇನಂತ ಕೇಳಿ ಬರಾಕ ನಾ ಯಾರನ್ನ ಕಳಸ್ಲಿ?”

ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ವಾಪಸು ಬಂದೆ. ವಾರ ವಾರ ಕಟ್ಟುವುದು ನಿಲ್ಲಿಸಿಲ್ಲ. ಅವಳು ಬಂದಿಲ್ಲ.